ಕೂಡಿಗೆ ಕಿರು ವಿಮಾನ ನಿಲ್ದಾಣ: ರನ್‌ವೇ ಉದ್ದವಷ್ಟೇ ಸಾಲದು

ಕೊಡಗಿಗೆ ರೈಲೂ ಇಲ್ಲ, ವಿಮಾನವೂ ಇಲ್ಲ. ಜಿಲ್ಲೆಯ ಜನರು ವಿಮಾನ ಏರಬೇಕಾದರೆ ಮೈಸೂರಿಗೋ ಮಂಗಳೂರಿಗೋ ಅಥವಾ 2018ರ ಡಿಸೆಂಬರ್‌ನಲ್ಲಿ ಆರಂಭಗೊಂಡ ಕೇರಳದ ಕಣ್ಣೂರು ನಿಲ್ದಾಣಕ್ಕೋ ಹೋಗಬೇಕು. ಹೀಗಾಗಿ ಕುಶಾಲನಗರ ಸಮೀಪದ ಕೂಡಿಗೆಯಲ್ಲಿ ಕಿರು ವಿಮಾನ ನಿಲ್ದಾಣ ನಿರ್ಮಿಸುವ ಪ್ರಸ್ತಾವ ಆಗಾಗ ಸುದ್ದಿಯಾಗುತ್ತಲೇ ಬಂದಿದೆ. ಆದರೆ ಚರ್ಚೆಯೆಲ್ಲವೂ ಜಮೀನು ಎಷ್ಟು, ರನ್‌ವೇ ಎಷ್ಟು ಉದ್ದ ಎಂಬಲ್ಲಿಗೆ ನಿಲ್ಲುತ್ತಿದೆ. ಲಘು ವಿಮಾನಗಳ ಮಟ್ಟಿಗೆ ಇನ್ನೊಂದು ಪ್ರಶ್ನೆಯೂ ಅಷ್ಟೇ ಮಹತ್ವದ್ದು: ಹಾರುವ ಮುನ್ನ ವಿಮಾನ ನೆಲದ ಮೇಲೆ ಎಷ್ಟು ದೂರ, ಯಾವ ದಿಕ್ಕಿಗೆ ಸಾಗಬೇಕಾಗುತ್ತದೆ?

ನೆಲದಲ್ಲೇ ಬಿಸಿ ಹೆಚ್ಚು

ತರಬೇತಿಗೆ ವ್ಯಾಪಕವಾಗಿ ಬಳಕೆಯಲ್ಲಿರುವ ಸೆಸ್ನಾ 172ರಂಥ ವಿಮಾನಗಳ ಎಂಜಿನ್ ತಂಪಾಗುವುದು ಗಾಳಿಯಿಂದ. ಹಾರಾಟದಲ್ಲಿ ಎದುರಿನಿಂದ ನುಗ್ಗುವ ಗಾಳಿ ಸಿಲಿಂಡರ್‌ಗಳ ನಡುವೆ ಹಾದು ಶಾಖವನ್ನು ಹೊತ್ತೊಯ್ಯುತ್ತದೆ. ನೆಲದ ಮೇಲೆ ನಿಧಾನವಾಗಿ ಸಾಗುವಾಗ ಆ ರಭಸವಿಲ್ಲ. ಪ್ರೊಪೆಲ್ಲರ್ ತಳ್ಳುವ ಅಲ್ಪ ಗಾಳಿಯೇ ಆಸರೆ. ಹಿಂದಿನಿಂದ ಗಾಳಿ ಬೀಸುತ್ತಿದ್ದರಂತೂ ಅದೂ ಕುಗ್ಗುತ್ತದೆ. ಬೆಂಗಳೂರಿನ ಎನ್‌ಎಎಲ್ ರೂಪಿಸಿದ, 2021ರ ಸೆಪ್ಟೆಂಬರ್‌ನಲ್ಲಿ ಮೊದಲು ಹಾರಿದ ಹಂಸ-ಎನ್‌ಜಿಯಲ್ಲಿರುವುದು ರೋಟಾಕ್ಸ್ ಎಂಜಿನ್. ಅದರ ಸಿಲಿಂಡರ್ ತಲೆಗಳನ್ನು ದ್ರವ ತಂಪಾಗಿಸಿದರೂ, ಆ ದ್ರವ ತಣಿಯಲು ರೇಡಿಯೇಟರ್‌ಗೆ ಗಾಳಿಯೇ ಬೇಕು.

ಕೊಡಗಿನ ತಂಪಿನಲ್ಲಿ ಈ ಚಿಂತೆ ಏಕೆ ಎಂದು ಕೇಳಬಹುದು. ಆದರೆ ಕುಶಾಲನಗರದ ಬಯಲು ಮಡಿಕೇರಿಯಲ್ಲ. ಬೇಸಿಗೆಯಲ್ಲಿ ಅಲ್ಲಿನ ಬಿಸಿಲು ಚುರುಕು. ಸಮುದ್ರಮಟ್ಟದಿಂದ 800 ಮೀಟರಿಗೂ ಎತ್ತರದಲ್ಲಿರುವುದರಿಂದ ಗಾಳಿಯ ಸಾಂದ್ರತೆಯೂ ಸುಮಾರು ಶೇ 8ರಷ್ಟು ಕಡಿಮೆ. ವಿರಳ ಗಾಳಿ ಹೊತ್ತೊಯ್ಯುವ ಶಾಖವೂ ಕಡಿಮೆ; ಎಂಜಿನ್‌ನ ಶಕ್ತಿಯೂ ಕುಗ್ಗುವುದರಿಂದ ಮೇಲೇರುವ ವೇಗ ತಗ್ಗುತ್ತದೆ. ನೆಲದಲ್ಲೇ ಕಾದ ಎಂಜಿನ್‌ಗೆ ಪೂರ್ಣ ಶಕ್ತಿ ಕೊಟ್ಟರೆ ಉಷ್ಣತೆ ಮಿತಿ ಮೀರಿ, ತೈಲ ತೆಳುವಾಗಿ, ಮೇಲೇರುವ ಹಂತದಲ್ಲೇ ಶಕ್ತಿ ಕುಸಿಯುವ ಅಪಾಯವಿದೆ. ಗುಡ್ಡ, ತೋಟ, ನದಿಗಳ ಈ ನಾಡಿನಲ್ಲಿ ತುರ್ತಾಗಿ ಇಳಿಯಲು ಸಮತಟ್ಟಾದ ಜಾಗ ಸುಲಭವಾಗಿ ಸಿಗದು.

ಪೈಲಟ್‌ನ ಪಾಲು

ಪರಿಹಾರ ಸರಳ. ಎಂಜಿನ್ ವೇಗವನ್ನು ಅಗತ್ಯಕ್ಕಿಂತ ಏರಿಸಬಾರದು. ಹೆಚ್ಚು ಶಕ್ತಿ ಕೊಟ್ಟು ಬ್ರೇಕ್‌ನಿಂದ ತಡೆಯುತ್ತ ಸಾಗಬಾರದು. ಹಾರುವ ಮುನ್ನ ಎಂಜಿನ್ ಪರೀಕ್ಷಿಸುವಾಗ ವಿಮಾನದ ಮೂತಿ ಗಾಳಿಗೆ ಎದುರಾಗಿರಬೇಕು. ಕಾಯಬೇಕಾದಾಗಲೂ ಇದೇ ನಿಯಮ. ಮಾಪಕದ ಮುಳ್ಳು ಕೆಂಪು ಗೆರೆಯತ್ತ ಸರಿದರೆ ಹಾರಾಟ ಮುಂದೂಡಬೇಕು. ಬಿಸಿ ಇಳಿಯದಿದ್ದರೆ ಎಂಜಿನ್ ನಿಲ್ಲಿಸಬೇಕು. ಮಳೆಗಾಲದಲ್ಲಿ ವಾರಗಟ್ಟಲೆ ನಿಂತ ವಿಮಾನದ ಗಾಳಿಕಿಂಡಿಯಲ್ಲಿ ಹಕ್ಕಿ ಗೂಡು ಕಟ್ಟಿದೆಯೇ ಎಂದು ನೋಡುವುದೂ ಮುಖ್ಯ. ಹಾಗೆಂದು ಆತುರವೂ ಸಲ್ಲದು. ಚಳಿಗಾಲದ ಮುಂಜಾನೆ ರೋಟಾಕ್ಸ್ 912ರ ತೈಲ 50 ಡಿಗ್ರಿ ಸೆಲ್ಸಿಯಸ್ ಮುಟ್ಟುವವರೆಗೆ ಕಾಯಲೇಬೇಕು.

ನಕ್ಷೆಯ ಪಾಲು

ಪೈಲಟ್‌ನ ಎಚ್ಚರದಿಂದಲೇ ಎಲ್ಲವೂ ಆಗದು. ಕಿರು ನಿಲ್ದಾಣಗಳಲ್ಲಿ ಜಾಗ, ಹಣದ ಕೊರತೆಯಿಂದ ಸಾಮಾನ್ಯವಾಗಿ ಕೈಬಿಡುವುದು ಸಮಾನಾಂತರ ಟ್ಯಾಕ್ಸಿವೇಯನ್ನು. ಆಗ ವಿಮಾನ ರನ್‌ವೇ ಮೇಲೆಯೇ ಇನ್ನೊಂದು ತುದಿಯವರೆಗೆ ಸಾಗಿ ತಿರುಗಬೇಕು. ಹಾರುವುದು ಗಾಳಿಗೆ ಎದುರಾಗಿ. ಅಂದಮೇಲೆ ಆ ತುದಿಗೆ ಸಾಗುವುದು ಬೆನ್ನಗಾಳಿಯಲ್ಲಿ. ಎಂಜಿನ್‌ಗೆ ಅತಿ ಕಷ್ಟದ ಸ್ಥಿತಿಯನ್ನು ನಕ್ಷೆಯೇ ಹೇರಿದಂತಾಗುತ್ತದೆ. ಮುಂಗಾರಿನಲ್ಲಿ ಗಾಳಿ ಪಶ್ಚಿಮದ ಕಡೆಯಿಂದ, ಚಳಿಗಾಲದಲ್ಲಿ ಪೂರ್ವದ ಕಡೆಯಿಂದ ಬೀಸುವ ಸೀಮೆಯಿದು. ವಿಮಾನಗಳ ನಿಲುಗಡೆ ಯಾವ ತುದಿಗೆ ಹತ್ತಿರವಿರಬೇಕೆಂಬುದನ್ನು, ಹೆಚ್ಚು ಹಾರಾಟ ನಡೆಯುವ ತಿಂಗಳುಗಳ ಗಾಳಿಯ ಲೆಕ್ಕ ಹಿಡಿದೇ ನಿರ್ಧರಿಸಬೇಕು.

ದಕ್ಷಿಣ ಕೊಡಗಿನ ಪೊನ್ನಂಪೇಟೆ ಸುತ್ತಮುತ್ತ ಪ್ರವಾಸಿಗರಿಗಾಗಿ ಮೈಕ್ರೋಲೈಟ್ ಹಾರಾಟ ನಡೆದದ್ದುಂಟು. 2007ರಲ್ಲಿ ಆರಂಭವಾದ ಸೈನಿಕ ಶಾಲೆ ಕೂಡಿಗೆಯಲ್ಲೇ ಇದೆ. ಹಾರುವ ಉತ್ಸಾಹಕ್ಕೆ ಜಿಲ್ಲೆಯಲ್ಲಿ ಬರವಿಲ್ಲ. ನಿಲ್ದಾಣವಾಗುವುದೇ ಆದರೆ ಟ್ಯಾಕ್ಸಿವೇಗೆ, ಗಾಳಿಗೆ ಮುಖಮಾಡಿ ನಿಲ್ಲುವ ಜಾಗಕ್ಕೆ ಮೊದಲ ನಕ್ಷೆಯಲ್ಲೇ ಸ್ಥಾನ ಸಿಗಬೇಕು. ಸುತ್ತ ಮನೆಗಳೆದ್ದ ಬಳಿಕ ಅವನ್ನು ಸೇರಿಸುವುದು ಕಷ್ಟಸಾಧ್ಯ.