ಜಾಮೀನು ಸಿಕ್ಕರೂ ಜೈಲಲ್ಲೇ: ಫಾದರ್, ಸಿಸ್ಟರ್‌ಗಳ ಪ್ರಾರ್ಥನೆ ಮುಗಿದ ಮೇಲೆ ಏನು?

ಆಗಸ್ಟ್ ತಿಂಗಳ ಎರಡನೇ ಭಾನುವಾರ ದೇಶದ ಕಥೋಲಿಕ ಚರ್ಚ್‌ಗಳಲ್ಲಿ ಕೈದಿಗಳಿಗಾಗಿ ಪ್ರಾರ್ಥನೆ ನಡೆಯುತ್ತದೆ. ಇದರ ಹಿಂದಿರುವುದು ‘ಪ್ರಿಸನ್ ಮಿನಿಸ್ಟ್ರಿ ಇಂಡಿಯಾ’. 1981ರಲ್ಲಿ ಕೇರಳದಲ್ಲಿ ಶುರುವಾದ ಈ ಸಂಸ್ಥೆಯ ರಾಷ್ಟ್ರೀಯ ಕಚೇರಿ ಇರೋದು ನಮ್ಮ ಬೆಂಗಳೂರಿನಲ್ಲೇ. ಫಾದರ್, ಸಿಸ್ಟರ್‌ಗಳ ಜೊತೆ ಸಾಮಾನ್ಯ ಸ್ವಯಂಸೇವಕರೂ ಅನುಮತಿ ಪಡೆದು ಜೈಲಿನೊಳಗೆ ಹೋಗುತ್ತಾರೆ. ಹಾಡು, ಪ್ರಾರ್ಥನೆ, ಕ್ರಿಸ್‌ಮಸ್‌ಗೆ ಕೇಕು, ಒಂದಿಷ್ಟು ಮಾತು.

‘ಮತಾಂತರಕ್ಕೇ ಹೋಗೋದು’ ಅಂತ ಅನುಮಾನ ಪಡೋರಿದ್ದಾರೆ. ಬ್ರಹ್ಮಾಕುಮಾರಿಯರೂ, ಆರ್ಟ್ ಆಫ್ ಲಿವಿಂಗ್‌ನವರೂ ಜೈಲುಗಳಿಗೆ ಹೋಗುತ್ತಾರೆ. ಯಾರೇ ಹೋದರೂ ಗೇಟಿನಲ್ಲಿ ತಪಾಸಣೆ, ಒಳಗೆ ಸಿಬ್ಬಂದಿಯ ಕಣ್ಣು ಇದ್ದೇ ಇರುತ್ತದೆ. ನನಗೆ ಕಾಡುವ ಪ್ರಶ್ನೆ ಬೇರೆ.

2022ರ ಕೊನೆಗೆ ದೇಶದ ಜೈಲುಗಳಲ್ಲಿ 5,73,220 ಮಂದಿ ಇದ್ದರು ಎನ್ನುತ್ತದೆ ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ. ಅವರಲ್ಲಿ 4,34,302 ಮಂದಿ ವಿಚಾರಣಾಧೀನರು. ಅಂದರೆ ನಾಲ್ವರಲ್ಲಿ ಮೂವರ ಅಪರಾಧ ಇನ್ನೂ ಸಾಬೀತಾಗಿಲ್ಲ. ಇವರಲ್ಲಿ ಜಾಮೀನು ಆದೇಶ ಕೈಗೆ ಬಂದರೂ ಹೊರಬರಲಾಗದವರೂ ಇದ್ದಾರೆ.

ಯಾಕೆ ಅಂತ ತಾಲೂಕು ಕೋರ್ಟ್ ಎದುರು ಜೆರಾಕ್ಸ್ ಅಂಗಡಿ ಇಟ್ಟವರನ್ನು ಕೇಳಿ, ಹೇಳ್ತಾರೆ. ಶ್ಯೂರಿಟಿ ಬೇಕು. ಶ್ಯೂರಿಟಿ ಕೊಡುವವರ ಹೆಸರಲ್ಲಿ ಪಹಣಿ ಇರಬೇಕು, ಅವರು ಕೆಲಸ ಬಿಟ್ಟು ಕೋರ್ಟಿಗೆ ಬಂದು ನಿಲ್ಲಬೇಕು. ಅಣ್ತಮ್ಮಂದಿರ ಜಮೀನೇ ಪಾಲಾಗಿರದ ಮನೆಯಲ್ಲಿ ಪಹಣಿ ಎಲ್ಲಿಂದ ತರೋದು? ಹೊರ ರಾಜ್ಯದಿಂದ ಕೂಲಿಗೆ ಬಂದವನಿಗಂತೂ ಇಲ್ಲಿ ಪರಿಚಯದವರೇ ಇರಲ್ಲ.

ಸುಪ್ರೀಂ ಕೋರ್ಟಿಗೂ ಇದು ಗೊತ್ತಿದೆ. ಜಾಮೀನು ಸಿಕ್ಕಿ ಏಳು ದಿನದಲ್ಲಿ ಬಿಡುಗಡೆ ಆಗದಿದ್ದರೆ ಜೈಲು ಸೂಪರಿಂಟೆಂಡೆಂಟ್ ಅದನ್ನು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು, ತಿಂಗಳಾದರೂ ಬಾಂಡ್ ಕೊಡಲಾಗದಿದ್ದರೆ ಷರತ್ತು ಸಡಿಲಿಸುವುದನ್ನು ನ್ಯಾಯಾಲಯವೇ ಪರಿಶೀಲಿಸಬಹುದು ಎಂದು 2023ರ ಜನವರಿ 31ರಂದು ಹೇಳಿತು. ಸ್ಥಳೀಯ ಶ್ಯೂರಿಟಿಯೇ ಬೇಕೆಂಬ ಹಟವೂ ವಿಳಂಬಕ್ಕೆ ಕಾರಣ ಎಂದಿತು. ಅದೇ ವರ್ಷ ಕೇಂದ್ರ ತಂದ ಬಡ ಕೈದಿಗಳ ನೆರವಿನ ಯೋಜನೆಯಲ್ಲಿ ವಿಚಾರಣಾಧೀನರ ಪರವಾಗಿ 40,000 ರೂಪಾಯಿವರೆಗೆ ಕಟ್ಟಲು ಅವಕಾಶ ಇಡಲಾಯಿತು. ಎಲ್ಲ ಕೇಸಿಗೂ ಇದು ಸಿಗುವುದಿಲ್ಲ, ಅದು ಬೇರೆ ಮಾತು.

ಕಾಗದದಲ್ಲಿ ದಾರಿ ಇದೆ. ಆದರೆ ಓದು ಬರಹ ಬಾರದವನಿಗೆ ತನ್ನ ಆದೇಶದಲ್ಲಿ ಏನಿದೆ ಅಂತ ಹೇಳೋರು ಬೇಕಲ್ಲ? ಮನೆಯವರೂ ಬರದ ಕೈದಿಯ ಎದುರು ಕೂತು ಕಥೆ ಕೇಳುವವರು ಈ ಫಾದರ್, ಸಿಸ್ಟರ್‌ಗಳು. ಬಿಡುಗಡೆ, ಪುನರ್ವಸತಿ ಎರಡೂ ಸಂಸ್ಥೆಯ ಉದ್ದೇಶಗಳಲ್ಲಿವೆ. ಹಾಗಾಗಿ ಪ್ರಾರ್ಥನೆ ಪುಸ್ತಕದ ಜೊತೆ ಒಂದು ನೋಟ್‌ಬುಕ್ಕೂ ಅವರ ಕೈಲಿರಲಿ. ಜಾಮೀನು ಯಾವತ್ತು ಸಿಕ್ಕಿತು, ಅಡ್ಡಿ ಏನು, ಬರೆದುಕೊಂಡು ಪ್ರಾಧಿಕಾರಕ್ಕೆ ಮುಟ್ಟಿಸಿದರೆ ನಾಲ್ಕು ಹಾಡಿಗಿಂತ ದೊಡ್ಡ ಸಾಂತ್ವನ ಆದೀತು.

ಕಥೋಲಿಕರಿಗೆ ಇದು ಹೊಸದಲ್ಲ. ಒಂದು ಕಾಲಕ್ಕೆ ಬೆಂಗಳೂರಿನ ಇಂಡಿಯನ್ ಸೋಷಿಯಲ್ ಇನ್‌ಸ್ಟಿಟ್ಯೂಟ್‌ನ ನಿರ್ದೇಶಕರಾಗಿದ್ದ ಜೆಸ್ವಿಟ್ ಫಾದರ್ ಸ್ಟ್ಯಾನ್ ಸ್ವಾಮಿ, ಜಾರ್ಖಂಡ್‌ನ ಆದಿವಾಸಿ ವಿಚಾರಣಾಧೀನರ ಪರ ಹೈಕೋರ್ಟ್‌ ಮೆಟ್ಟಿಲು ಹತ್ತಿದ್ದರು. 2020ರ ಅಕ್ಟೋಬರ್‌ನಲ್ಲಿ ಅವರೇ ಬಂಧನಕ್ಕೊಳಗಾದರು. 2021ರ ಜುಲೈ 5ರಂದು ಮುಂಬೈ ಆಸ್ಪತ್ರೆಯಲ್ಲಿ ತೀರಿಕೊಂಡಾಗ ಅವರೂ ವಿಚಾರಣಾಧೀನ ಕೈದಿಯೇ.

ಹೊರಬಂದವನ ಕಥೆ ಇನ್ನೊಂದು. ಗೋದಾಮಿನಲ್ಲಿ ಮೂಟೆ ಹೊರೋಕೂ ‘ಜೈಲಿಗೆ ಹೋಗ್ಬಂದೋನು’ ಅಂತ ಹಿಂಜರಿಯುತ್ತೇವೆ. ಗಲ್ಲಾಪೆಟ್ಟಿಗೆ ಕೊಡಿ ಅಂತ ಯಾರೂ ಕೇಳ್ತಿಲ್ಲ. ದಿನಗೂಲಿ ಕೊಡಬಹುದಲ್ಲ?

ನಿಮ್ಮ ಬೀದಿಯ ಯಾರಾದರೂ ಜಾಮೀನು ಸಿಕ್ಕಿಯೂ ಒಳಗೇ ಇದ್ದರೆ 15100ಕ್ಕೆ ಕರೆ ಮಾಡಿ, ಇಲ್ಲವೇ ಕೋರ್ಟ್ ಆವರಣದ ತಾಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ಬಂಧನದಲ್ಲಿರುವವರಿಗೆ ಆದಾಯ ಎಷ್ಟೇ ಇದ್ದರೂ ವಕೀಲರ ನೆರವು ಉಚಿತ.