‘ಓಂ’ ಮತ್ತೆ ದೊಡ್ಡ ತೆರೆಗೆ ಬರಲಿ! ಕನ್ನಡ ಬಾರದವರಿಗೂ ತಲುಪಲಿ!

ಕನ್ನಡ ಚಿತ್ರಪ್ರೇಮಿಗಳೇ, ಬಂಧುಗಳೇ,

ಸನ್ನಿ ಡಿಯೋಲ್ ಅವರ ‘ಅರ್ಜುನ್ ಪಂಡಿತ್’ ನೋಡಿದ ಎಷ್ಟೋ ಜನಕ್ಕೆ ಅದು ನಮ್ಮ ‘ಓಂ’ ಚಿತ್ರದ ರೀಮೇಕ್ ಎಂಬುದೇ ಗೊತ್ತಿಲ್ಲ. ನಮ್ಮ ಬೀದಿಯಲ್ಲೇ ಇರುವವರಿಗೆ, ನಮ್ಮ ಜೊತೆಯಲ್ಲೇ ಕೆಲಸ ಮಾಡುವವರಿಗೆ ಗೊತ್ತಿಲ್ಲ. ತಪ್ಪು ಅವರದಲ್ಲ. ಕೈಹಿಡಿದು ಕರೆದುಕೊಂಡು ಹೋಗಿ ಮೂಲ ಚಿತ್ರವನ್ನು ತೋರಿಸಬೇಕಾದವರು ನಾವು.

1995ರಲ್ಲಿ ‘ಓಂ’ ಬಂದಾಗ ಜನ ಯಾಕೆ ಬೆಚ್ಚಿದರು? ಲಾಂಗು ಹಿಡಿದ ನಾಯಕ ಎಂಬ ಒಂದೇ ಕಾರಣಕ್ಕಲ್ಲ. ಹಿಡಿದವರು ಯಾರು ಎಂಬ ಕಾರಣಕ್ಕೆ. ‘ಆನಂದ್’, ‘ರಥಸಪ್ತಮಿ’, ‘ಮನಮೆಚ್ಚಿದ ಹುಡುಗಿ’ಯ ಹ್ಯಾಟ್ರಿಕ್ ಹೀರೋ, ಮನೆಮಂದಿಯೆಲ್ಲ ಮೆಚ್ಚಿದ ಅಣ್ಣಾವ್ರ ಮಗ ಶಿವರಾಜ್‌ಕುಮಾರ್, ನಮ್ಮ ಶಿವಣ್ಣ! ಹಣ ಹಾಕಿದವರು ಅವರ ತಾಯಿ ಪಾರ್ವತಮ್ಮ ರಾಜ್‌ಕುಮಾರ್. ಆ ಮನೆಯ ಚಿತ್ರವೆಂದರೆ ಸಂಸಾರ ಸಮೇತ ಹೋಗಬಹುದು ಎಂಬ ನಂಬಿಕೆ ಊರೂರಲ್ಲಿ ಇದ್ದ ಕಾಲ ಅದು. ಅಂಥ ಮನೆಯವರು ‘ತರ್ಲೆ ನನ್ ಮಗ’, ‘ಶ್!’ ಎರಡೇ ಚಿತ್ರ ನಿರ್ದೇಶಿಸಿದ್ದ ಉಪೇಂದ್ರ ಅವರ ಕೈಗೆ ಇಂಥ ಕಥೆ ಒಪ್ಪಿಸಿದ್ದು ಸಣ್ಣ ಧೈರ್ಯವಲ್ಲ. ಅರ್ಚಕರ ಮಗ ಸತ್ಯ ರೌಡಿಯಾಗುವುದನ್ನು ನೋಡುವಾಗ ನಮ್ಮ ಮನೆಯ ಹುಡುಗನೇ ದಾರಿ ತಪ್ಪಿದಂತೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಅವನ ಸುತ್ತ ನಿಂತವರಲ್ಲಿ ಆ ಕಾಲದ ನಿಜವಾದ ರೌಡಿಗಳೇ ಇದ್ದರು. ಅವರ ನೋಟ, ನಿಲುವು, ಮಾತಿನ ಧಾಟಿ ಯಾವ ನಟನೂ ಅಭ್ಯಾಸ ಮಾಡಿ ತಂದದ್ದಲ್ಲ. ಅದೆಲ್ಲ ಬೆಂಗಳೂರಿನದು.

1999ರ ‘ಅರ್ಜುನ್ ಪಂಡಿತ್’ ಈ ಕಥೆಯ ಹಂದರವನ್ನು ತೆಗೆದುಕೊಂಡಿತು. ನಿರ್ದೇಶಕ ರಾಹುಲ್ ರವೈಲ್ ಸಾಮಾನ್ಯರಲ್ಲ, ಇದೇ ಸನ್ನಿಯವರಿಂದ ‘ಬೇತಾಬ್’, ‘ಅರ್ಜುನ್’ ಮಾಡಿಸಿದವರು. ಆದರೆ ‘ಘಾಯಲ್’, ‘ದಾಮಿನಿ’, ‘ಘಾತಕ್’ ಆದ ಮೇಲೆ ಸನ್ನಿ ಡಿಯೋಲ್ ಮುಷ್ಟಿ ಬಿಗಿ ಹಿಡಿದರೆ ಬೆಚ್ಚುವವರು ಯಾರು? ಪ್ರೇಕ್ಷಕರು ಅದಕ್ಕೇ ಕಾದು ಕೂತಿರುತ್ತಾರೆ. ಸಾಧು ಮನುಷ್ಯ ಕೆಡುವ ನೋವು ಅಲ್ಲಿಗೆ ಹೋಯಿತು, ಹೊಡೆದಾಟ ಉಳಿಯಿತು.

ಹಿಂದಿಯವರಿಗೆ ತಿಳಿಯಲಿಲ್ಲ, ಅಷ್ಟೇ ಎನ್ನುವಂತಿಲ್ಲ. 1997ರಲ್ಲಿ ಇದೇ ಕಥೆಯನ್ನು ತೆಲುಗಿನಲ್ಲಿ ‘ಓಂಕಾರಂ’ ಆಗಿ ಮಾಡಿದವರು ಸ್ವತಃ ಉಪೇಂದ್ರ. ನಾಯಕಿ ‘ಓಂ’ನ ಅದೇ ಪ್ರೇಮಾ, ಸಂಗೀತ ಅದೇ ಹಂಸಲೇಖ. ನಾಯಕ ಮಾತ್ರ ‘ಅಂಕುಶಂ’ ಖ್ಯಾತಿಯ ರಾಜಶೇಖರ್, ಅದಾಗಲೇ ಸಿಡುಕಿನ ಪಾತ್ರಗಳಿಗೆ ಹೆಸರಾದವರು. ಅಲ್ಲೂ ‘ಓಂ’ ಮರಳಿ ಹುಟ್ಟಲಿಲ್ಲ. ಬರೆದವರೇ ಮತ್ತೆ ಮಾಡಿದರೂ ದಕ್ಕದ್ದು ಆ ಮೂಲದಲ್ಲಿದೆ.

ಒಂದು ಮಾತು ಮುಚ್ಚಿಡುವುದಿಲ್ಲ. ಸತ್ಯ ನಾಯಕಿ ಮಾಧುರಿಯನ್ನು ಬೆದರಿಸಿ ಕಾಡುವ ದೃಶ್ಯಗಳು ಇವತ್ತು ಕಸಿವಿಸಿ ಮಾಡುತ್ತವೆ, ಮಾಡಬೇಕು ಕೂಡ. ಹೆಣ್ಣುಮಕ್ಕಳು ಬಂದು ನೋಡಲಿ, ಖಂಡಿಸುವುದಿದ್ದರೆ ಖಂಡಿಸಲಿ. ಆದರೆ ‘ಓಂ’ಗಾಗಿ ಶಿವರಾಜ್‌ಕುಮಾರ್, ಪ್ರೇಮಾ ಇಬ್ಬರಿಗೂ ರಾಜ್ಯ ಪ್ರಶಸ್ತಿ ಬಂತು. ಉಪೇಂದ್ರ ಅವರ ಚಿತ್ರಕಥೆಗೆ, ಬಿ.ಸಿ. ಗೌರೀಶಂಕರ್ ಅವರ ಛಾಯಾಗ್ರಹಣಕ್ಕೂ ಬಂತು. ಇಂಥ ಚಿತ್ರದ ಬಗ್ಗೆ ವಾದ ಮಾಡುವುದಾದರೆ ಪೂರ್ತಿ ನೋಡಿ ಮಾಡೋಣ. ಮೊಬೈಲಿನಲ್ಲಿ ಹರಿದಾಡುವ ಎರಡು ನಿಮಿಷದ ತುಣುಕು ನೋಡಿ ಬೇಡ.

ಆದ್ದರಿಂದ ನಮ್ಮ ಬೇಡಿಕೆ ಇದು. ಮೂಲ ನೆಗೆಟಿವ್‌ನಿಂದ ‘ಓಂ’ ಅನ್ನು 4ಕೆ ಗುಣಮಟ್ಟದಲ್ಲಿ ಶುದ್ಧಗೊಳಿಸಿ, ಹಿಂದಿ, ಇಂಗ್ಲಿಷ್, ತೆಲುಗು ಸಬ್‌ಟೈಟಲ್ ಹಾಕಿ ಚಿತ್ರಮಂದಿರಗಳಿಗೆ ತರಬೇಕು. ಹಕ್ಕುದಾರರನ್ನು ಕೈಮುಗಿದು ಕೇಳುತ್ತೇವೆ. ಕರ್ನಾಟಕ ಚಲನಚಿತ್ರ ಅಕಾಡೆಮಿ ಇದರ ಬೆನ್ನಿಗೆ ನಿಲ್ಲಬೇಕು. ನೂರಾರು ಸಲ ಮರುಬಿಡುಗಡೆ ಕಂಡ ಚಿತ್ರ ಇದು. ಥಿಯೇಟರ್ ಮಾಲೀಕರೇ, ಜನ ಬರುತ್ತಾರೋ ಇಲ್ಲವೋ ಎಂಬ ಅನುಮಾನ ನಿಮಗೆ ಬೇಡ.

ಓದುಗರೇ, ನಿಮ್ಮ ಊರಿನ ಟಾಕೀಸಿಗೆ ಹೋಗಿ ಮ್ಯಾನೇಜರನ್ನು ಕಂಡು ‘ಓಂ’ ಶೋ ಹಾಕಿ ಎಂದು ಕೇಳಿ. ಹತ್ತು ಜನ ಸೇರಿ ಸಹಿ ಹಾಕಿದ ಅರ್ಜಿ ಕೊಡಿ. ಕದ್ದ ಪ್ರತಿ ಹಂಚಬೇಡಿ. ಶೋ ಹಾಕಿದ ದಿನ ಟಿಕೆಟ್ ಕೊಂಡು ಬನ್ನಿ. ಬರುವಾಗ ‘ಅರ್ಜುನ್ ಪಂಡಿತ್’ ಮಾತ್ರ ನೋಡಿರುವ ಒಬ್ಬರನ್ನು ಜೊತೆಗೆ ಕರೆತನ್ನಿ.

ಓದಿದ ಮೇಲೆ ಈ ಕರಪತ್ರವನ್ನು ಪಕ್ಕದವರಿಗೆ ಕೊಡಿ.

ಇಂತಿ,
ಕನ್ನಡ ಚಿತ್ರಪ್ರೇಮಿಗಳು