ಕುಂಟಿದ ಕುದುರೆ ಮತ್ತೆ ಓಡಿತು



ನಮ್ಮ ಮಹಡಿಯ ಹುಡುಗನೊಬ್ಬ ಫುಟ್‌ಬಾಲ್ ಆಡುವಾಗ ಮಂಡಿಯ ಲಿಗಮೆಂಟ್ ಹರಿದುಕೊಂಡ. ಆರು ವಾರದಲ್ಲಿ ಊತ ಇಳಿಯಿತು, ನೋವೂ ಹೋಯಿತು. "ಆಂಟಿ, ಭಾನುವಾರ ಮ್ಯಾಚ್ ಇದೆ. ಅಮ್ಮನಿಗೆ ನೀವೇ ಹೇಳಿ," ಎಂದು ನನ್ನ ಬಳಿ ವಕಾಲತ್ತಿಗೆ ಬಂದ. ಒಂದು ಲೋಟ ಮಜ್ಜಿಗೆ ಕೊಟ್ಟು ಕೂರಿಸಿ, ಸೀಬಿಸ್ಕೆಟ್ ಎಂಬ ಅಮೆರಿಕದ ರೇಸ್ ಕುದುರೆಯ ಕಥೆ ಹೇಳಿದೆ.

ಕ್ಯಾಲಿಫೋರ್ನಿಯದ ಸಾಂಟಾ ಅನಿಟಾ ಹ್ಯಾಂಡಿಕ್ಯಾಪ್ ಪಂದ್ಯವನ್ನು 1937 ಮತ್ತು 1938ರಲ್ಲಿ ಅದು ಬರೀ ಮೂಗಿನಷ್ಟು ಅಂತರದಿಂದ ಸೋತಿತ್ತು. 1939ರ ಫೆಬ್ರವರಿಯಲ್ಲಿ ಓಡುತ್ತಿರುವಾಗಲೇ ಮುಂಗಾಲಿನ ಲಿಗಮೆಂಟ್ ಹರಿಯಿತು. ಅದರ ಜಾಕಿ ರೆಡ್ ಪೊಲಾರ್ಡ್ ಹಿಂದಿನ ವರ್ಷವೇ ಕಾಲು ಮುರಿದುಕೊಂಡಿದ್ದ. ಯಜಮಾನ ಚಾರ್ಲ್ಸ್ ಹೊವಾರ್ಡ್ ಅವರ ತೋಟದಲ್ಲಿ ಇಬ್ಬರೂ ಜೊತೆಯಲ್ಲೇ ಕುಂಟುತ್ತಾ ನಡೆದರು.

ಲಿಗಮೆಂಟಿಗೆ ರಕ್ತದ ಹರಿವು ಕಡಿಮೆ, ಆದ್ದರಿಂದ ಕೂಡುವುದೂ ನಿಧಾನ. ನೋವು ವಾರಗಳಲ್ಲಿ ಹೋಗುತ್ತದೆ, ಬಲ ಬರಲು ಹಲವು ತಿಂಗಳು ಬೇಕು. ಕುದುರೆ ಚೆನ್ನಾಗಿದೆ ಎಂದು ಕಾಣುವ ಹೊತ್ತೇ ಹೆಚ್ಚು ಅಪಾಯದ್ದು. ಹಾಗೆಂದು ಲಾಯದಲ್ಲೇ ಕಟ್ಟಿಹಾಕಿದರೂ ಆಗದು. ಹದವಾದ ಭಾರ ಬಿದ್ದರೇನೇ ಹೊಸ ಎಳೆಗಳು ಸಾಲಾಗಿ ಕೂಡುವುದು. ಅದಕ್ಕೇ ಮೊದಲು ಸಮತಟ್ಟಾದ ಗಟ್ಟಿ ನೆಲದ ಮೇಲೆ ಕೈಹಿಡಿದು ನಡೆಸುತ್ತಾರೆ. ದಿನವೂ ಕಾಲು ಮುಟ್ಟಿ, ಬಿಸಿಯಿದೆಯೇ, ಊತವಿದೆಯೇ ಎಂದು ನೋಡುತ್ತಾರೆ. ಈಗ ಅಲ್ಟ್ರಾಸೌಂಡ್ ಕೂಡ ಮಾಡುತ್ತಾರೆ. ಆಮೇಲೆ ಕೆಲವೇ ನಿಮಿಷ ಟ್ರಾಟ್, ತಿಂಗಳುಗಳ ನಂತರ ಕ್ಯಾಂಟರ್, ಕೊನೆಗೆ ನಾಗಾಲೋಟ.

1940ರ ಫೆಬ್ರವರಿಯಲ್ಲಿ ಸೀಬಿಸ್ಕೆಟ್ ಮರಳಿತು. ಮೊದಲ ಓಟದಲ್ಲಿ ಮೂರನೆಯದು, ಮುಂದಿನದರಲ್ಲಿ ಆರನೆಯದು. ಮಾರ್ಚ್ 2ರಂದು ಪೊಲಾರ್ಡನನ್ನೇ ಬೆನ್ನ ಮೇಲೆ ಹೊತ್ತು ಅದೇ ಸಾಂಟಾ ಅನಿಟಾ ಹ್ಯಾಂಡಿಕ್ಯಾಪ್ ಗೆದ್ದಿತು!

"ಕುದುರೆಗೆ ಹೇಳುವವರಿದ್ದರು. ನೀವಾಗಿದ್ದರೆ ಕಾಯುತ್ತಿದ್ದಿರಾ?" ಎಂದ ಹುಡುಗ.

ಸುಳ್ಳು ಹೇಳಲಾಗಲಿಲ್ಲ. ಒಮ್ಮೆ ನನ್ನ ಮಣಿಕಟ್ಟು ಮುರಿದಿತ್ತು. ಪ್ಲಾಸ್ಟರ್ ಬಿಚ್ಚಿದ ಮೂರನೆಯ ದಿನವೇ ಯುಗಾದಿ. ಮನೆಯವರು ಬೇಡವೆಂದರೂ ಕೇಳದೆ ಹೋಳಿಗೆಗೆ ಕಣಕ ನಾದಿದೆ. ಬೇಯುವ ತನಕ ಇದ್ದವಳು ಆರುವ ತನಕ ಇರಲಿಲ್ಲ. ಇವತ್ತಿಗೂ ಕುಕ್ಕರ್ ಎತ್ತಲು ಎಡಗೈಯೇ ಬೇಕು. ಬಲಗೈ ಚಾಚಿ ಅವನಿಗೆ ತೋರಿಸಿದೆ. ಅವನು ಮಾತಾಡದೆ ಮಜ್ಜಿಗೆ ಮುಗಿಸಿದ.

ಭಾನುವಾರ ಮೈದಾನಕ್ಕೆ ಹೋದನಂತೆ, ಗೆರೆಯಾಚೆ ನಿಂತು ಕೂಗಲು. ನಿಮ್ಮಲ್ಲೂ ಯಾರಾದರೂ ಬಿದ್ದು ಏಳುತ್ತಿದ್ದರೆ, ಕಾಲಿರಲಿ, ಪರೀಕ್ಷೆಯಿರಲಿ, ಮೊದಲು ನಡೆಯಿರಿ. ಓಟ ಎಲ್ಲಿಗೂ ಹೋಗುವುದಿಲ್ಲ.